ಟಿಟ್ವಾಳಾದಿಂದ ಕೇತಕಿ ಬಾಗ್‌ವರೆಗೆ

ಸುರತ್ಕಲ್
12 ಆಗಸ್ಟ್ 2024

ಪ್ರೀತಿಯ ಮಲ್ಲಿಕಾ,

ಹೊಸ ಕಾಲು ಹಾಕಿಕೊಂಡು ಬಿಲ್ಡಿಂಗಿನ ಮೆಟ್ಟಿಲು ಇಳಿದು ಬೀದಿಯ ತುದಿಯವರೆಗೆ ಹೋಗಿ ಬಂದೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಶ್ರೀಪ್ರಿಯಾಗೆ ಓದಿ ಹೇಳಿದೆ. ಬ್ಯಾಂಕಿಗೆ ಹೊರಟಿದ್ದವಳು ಚಪ್ಪಲಿ ಮೆಟ್ಟುತ್ತಾ ನಿಂತು ಕೇಳಿದಳು. ನಿಮ್ಮ ಶಿಷ್ಯೆ ಗಟ್ಟಿ ಎಂದು ಮುಷ್ಟಿ ಹಿಡಿದು ತೋರಿಸಿ ಹೋದಳು. ಈಗ ನನ್ನ ಮಗಳು ನನ್ನೊಡನೆ ಹೆಚ್ಚಾಗಿ ಹೀಗೆಯೇ ಮಾತಾಡುವುದು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಮಾತು ಒಡೆದ ಪಾತ್ರೆಯ ಸದ್ದಿನ ಹಾಗೆ ಬಂದು ಬೀಳುತ್ತದೆ. ಫೋನಿನಲ್ಲಂತೂ ಏನೂ ತಿಳಿಯುವುದಿಲ್ಲ. ಥಾಣೆಯ ಕೋಪರಿಯ ಕನ್ನಡ ಶಾಲೆಯಲ್ಲಿ ನಿನ್ನ ಕೈ ಹಿಡಿದು ಒತ್ತಕ್ಷರ ತಿದ್ದಿಸಿದ್ದರ ಫಲವನ್ನು ಈಗ ನಾನೇ ಉಣ್ಣುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಭಾನುವಾರದ ಪುರವಣಿಯಲ್ಲಿ ವಡೋದರಾದ ಕೇತಕಿ ಬಾಗ್ ಬಗ್ಗೆ ಒಂದು ಪುಟ ಬಂದಿದೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಇನ್ನೂರು ವರ್ಷದ ಹಿಂದೆ ಒಬ್ಬ ಬಟ್ಟೆ ವ್ಯಾಪಾರಿ ಮಾಡಿಸಿದ ತೋಟವಂತೆ. ನದಿಯ ಕಡೆಗೆ ಹಂತಹಂತವಾಗಿ ಇಳಿಯುತ್ತದೆ, ನಡುವೆ ಕಲ್ಲಿನ ಕಾಲುವೆ. ಅವನ ಬಂಗಲೆ ಈಗ ವಿನ್ಯಾಸದ ಮ್ಯೂಸಿಯಂ. ರಾಜರ ಕತ್ತಿ ಕಿರೀಟಗಳಲ್ಲ, ಜನ ದಿನಾ ಬಳಸಿದ ಸಾಮಾನು. ಬೀಗ, ಲಾಟೀನು, ಕುರ್ಚಿ, ಉಡುಪು. ಹಳೆಯ ಅಂಗಿಗಳ ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ಹರಡಿ, ಹೇಗೆ ಕತ್ತರಿಸಿದ್ದರೆಂದು ತೋರಿಸಿದ್ದಾರಂತೆ. ಚಿತ್ರಕಲೆಯ ತರಗತಿಯಲ್ಲಿ ಹೂವು ಬರೆಯಿರಿ ಅಂದರೆ ರವಿಕೆಯ ತೋಳು ಬರೆಯುತ್ತಿದ್ದ ಹುಡುಗಿ ನೀನು. ಅದನ್ನು ನೀನು ನೋಡಲೇಬೇಕು.

ಡಿಸೆಂಬರಿನಲ್ಲಿ ಇಬ್ಬರೂ ಹೋಗೋಣ. ನಾನು ಥಾಣೆಯಲ್ಲಿ ಇಳಿದು ಟಿಟ್ವಾಳಾಕ್ಕೆ ಬಂದು ನಿಮ್ಮ ಮನೆಯಲ್ಲಿ ಎರಡು ದಿನ ಇರುತ್ತೇನೆ. ಅಲ್ಲಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ವಡೋದರಾಕ್ಕೆ ನೇರ ರೈಲುಗಾಡಿ ಇದೆ. ದಾರಿಯಲ್ಲಿ ಮೈಕಿನಲ್ಲಿ ಕೂಗಿದ್ದನ್ನು ನೀನು ಕೇಳಿಸಿಕೋ, ಮೆಟ್ಟಿಲು ಬಂದಾಗ ನಾನು ಕೈ ಕೊಡುತ್ತೇನೆ. ಇಲ್ಲ ಎನ್ನಬೇಡ.

ನಿನ್ನ
ವಿಮಲಾ ಟೀಚರ್

*

ಟಿಟ್ವಾಳಾ
27 ಆಗಸ್ಟ್ 2024

ಟೀಚರ್‌ಗೆ ನಮಸ್ಕಾರ,

ಪತ್ರ ತಲುಪಿತು. ಕೇತಕಿ ಬಾಗ್‌ನ ಚಿತ್ರ ಗೋಡೆಗೆ ಅಂಟಿಸಿದ್ದೇನೆ. ತುಂಬ ಚೆನ್ನಾಗಿದೆ.

ಆದರೆ ಡಿಸೆಂಬರಿನಲ್ಲಿ ಕಷ್ಟ ಟೀಚರ್. ಅಪ್ಪ ಮಾರ್ಕೆಟ್ಟಿನ ಹಮಾಲಿ ಕೆಲಸ ಮುಗಿಸಿ ಬರುವಾಗ ಉಲ್ಹಾಸನಗರದಿಂದ ಜೀನ್ಸ್ ಪ್ಯಾಂಟಿನ ಗಂಟು ತರುತ್ತಾರೆ. ನಾನು ಮನೆಯಲ್ಲೇ ಕೂತು ಜೇಬು ಹೊಲಿಯುತ್ತೇನೆ. ವರ್ಷದ ಕೊನೆಗೆ ಗಂಟು ಹೆಚ್ಚು. ಅವ್ವನಿಗೂ ಮೊಣಕಾಲು ನೋವು. ಖಾರ್ಘರಿನ ಕಟ್ಟಡಗಳಲ್ಲಿ ಅಷ್ಟು ವರ್ಷ ಸಿಮೆಂಟಿನ ಬುಟ್ಟಿ ಹೊತ್ತದ್ದು ಈಗ ತೋರಿಸುತ್ತಿದೆ. ಅವಳನ್ನು ಬಿಟ್ಟು ಹೇಗೆ ಬರಲಿ? ಮುಂದಿನ ವರ್ಷ ನೋಡೋಣ.

ನಾನು ಆರಾಮಾಗಿದ್ದೇನೆ. ನಡಿಗೆಯೂ ಸುಧಾರಿಸಿದೆ. ಇಲ್ಲಿ ಗಣಪತಿ ಗುಡಿಯ ಮುಂದೆ ಈಗಲೇ ಜನವೋ ಜನ.

ನಿಮ್ಮ
ಮಲ್ಲಿಕಾ

*

ಸುರತ್ಕಲ್
9 ಸೆಪ್ಟೆಂಬರ್ 2024

ಮಲ್ಲಿಕಾ,

ನಿನ್ನ ಪತ್ರ ಓದಿದೆ. ಅರ್ಥವಾಯಿತು.

ಕಿವಿ ಕೇಳದ ಮುದುಕಿಯನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗುವುದು ಸುಲಭವಲ್ಲ. ಅಂಗಡಿಯಲ್ಲಿ, ಗಾಡಿಯಲ್ಲಿ, ನಾಲ್ಕು ಜನರ ನಡುವೆ ಕಿರುಚಿ ಮಾತಾಡಬೇಕಾಗುತ್ತದೆ. ನನ್ನ ಮಗಳಿಗೇ ಒಮ್ಮೊಮ್ಮೆ ಬೇಸರ ಬರುತ್ತದೆ, ನಿನಗೆ ಬಂದರೆ ತಪ್ಪೇನು? ಅದನ್ನು ನೇರವಾಗಿ ಬರೆದಿದ್ದರೆ ಸಾಕಿತ್ತು. ಜೇಬಿನ ಗಂಟು, ಅವ್ವನ ಮೊಣಕಾಲು ಎಲ್ಲ ಎಳೆದು ತರಬೇಕಿರಲಿಲ್ಲ.

ಆರೋಗ್ಯ ನೋಡಿಕೋ.

ವಿಮಲಾ

*

ಟಿಟ್ವಾಳಾ
20 ಸೆಪ್ಟೆಂಬರ್ 2024

ಟೀಚರ್,

ನೀವು ಹಾಗೆ ತಿಳಿದುಕೊಂಡಿರಲ್ಲ! ಪತ್ರ ಓದಿ ಒಂದು ದಿನ ಪೂರ್ತಿ ಮೆಷಿನ್ ಮುಟ್ಟಲಿಲ್ಲ. ನಿಮ್ಮ ಕಿವಿ ನನಗೆ ಯಾವತ್ತೂ ಭಾರವಾಗಿಲ್ಲ. ನಿಜ ಬರೆಯುತ್ತೇನೆ, ನಗಬೇಡಿ.

ನನಗೆ ಗಾಡಿ ಹತ್ತಲು ಆಗುವುದಿಲ್ಲ.

ಎರಡು ವರ್ಷದ ಹಿಂದೆ ದಿವಾ ಮುಂಬ್ರಾ ಸ್ಟೇಷನ್ನುಗಳ ನಡುವೆ ಲೇಡೀಸ್ ಡಬ್ಬಾದ ಬಾಗಿಲಿನಿಂದ ಬಿದ್ದು ಕಾಲು ಹೋದ ಮೇಲೆ ನಾನು ಲೋಕಲ್ ಗಾಡಿಯೊಳಗೆ ಕಾಲಿಟ್ಟಿಲ್ಲ. ಆಸ್ಪತ್ರೆಗೂ, ಕಾಲಿನ ಅಳತೆ ಕೊಡಲೂ ಅಪ್ಪ ರಿಕ್ಷಾ ಮಾಡಿಕೊಂಡೇ ಕರೆದುಕೊಂಡು ಹೋದರು. ಬೀದಿಯ ತುದಿಯವರೆಗೆ ನಡೆದೆ ಎಂದು ಬರೆದದ್ದು ನಿಜ. ಅಲ್ಲಿಂದ ಮುಂದೆ ಸ್ಟೇಷನ್ನಿನ ದಾರಿ. ಅದಕ್ಕೇ ಅಲ್ಲಿಂದ ತಿರುಗಿ ಬಂದೆ.

ಇನ್ನೊಂದು ವಿಷಯವೂ ಇದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಥಾಣೆಯ ಹೊಲಿಗೆ ಕಾರ್ಖಾನೆಯ ಅನುಷ್ಕಾ ಮೇಡಂ ಮನೆಗೆ ಬಂದಿದ್ದರು. ಅವರ ಕಟಿಂಗ್ ಮಾಸ್ಟರ್ ಊರಿಗೆ ಹೋಗುತ್ತಾರಂತೆ. "ಜನವರಿಯಿಂದ ಆ ಟೇಬಲ್ ನಿನ್ನದು ಮಲ್ಲಿಕಾ, ಆದರೆ ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು" ಎಂದು ಹಿಂದಿಯಲ್ಲಿ ಹೇಳಿದರು. ನಾನು ಹ್ಞೂಂ ಅಂದುಬಿಟ್ಟೆ. ಟಿಟ್ವಾಳಾದಿಂದ ಥಾಣೆಗೆ ದಿನಾ ರಿಕ್ಷಾದಲ್ಲಿ ಯಾರು ಹೋಗುತ್ತಾರೆ?

ಮೊನ್ನೆ ಧೈರ್ಯ ಮಾಡಿ ಸ್ಟೇಷನ್ನಿಗೆ ಹೋದೆ. ಬೆಂಚಿನ ಮೇಲೆ ಕೂತೆ. ಗಾಡಿ ಬಂದಾಗ ಎದ್ದು ಕಂಬ ಹಿಡಿದು ನಿಂತೆ. ಅದು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಕೈ ಬೆವರಿ ಕಂಬ ಜಾರುತ್ತಿತ್ತು. ಹಣ್ಣು ಮಾರುವ ಹೆಂಗಸು, "ಯಾರ ದಾರಿ ಕಾಯ್ತಾ ಇದ್ದೀ ಬೇಟಿ?" ಎಂದಳು. ಯಾರೂ ಇಲ್ಲ ಎಂದು ಹೇಳಿ ಮನೆಗೆ ಬಂದೆ.

ಆದರೂ ಬರುತ್ತೇನೆ ಟೀಚರ್. ಡಿಸೆಂಬರಿನಲ್ಲಿ ನಿಮ್ಮ ಜೊತೆ ವಡೋದರಾಕ್ಕೆ ಬಂದೇ ಬರುತ್ತೇನೆ. ಅಷ್ಟು ದೂರದ ಗಾಡಿಯಲ್ಲಿ ಕೂತು ಬಂದರೆ ಥಾಣೆ ಏನು ಮಹಾ ಅನ್ನಿಸಬಹುದು. ಹೇಗೆ ಹತ್ತುವುದು ಎಂದು ಮಾತ್ರ ಗೊತ್ತಿಲ್ಲ.

ಮಲ್ಲಿಕಾ

*

ಸುರತ್ಕಲ್
2 ಅಕ್ಟೋಬರ್ 2024

ಪ್ರೀತಿಯ ಮಲ್ಲಿಕಾ,

ಕೋಪದಲ್ಲಿ ಬರೆದ ಪತ್ರ ಅಂಚೆಗೆ ಹಾಕಬಾರದು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಆಯಿತು, ಅದನ್ನು ಹರಿದು ಹಾಕು.

ಅಯ್ಯೋ ಪಾಪ ಎಂದು ಬರೆಯಲು ನನಗೆ ಬರುವುದಿಲ್ಲ. ಪಾಠ ಮಾಡಲು ಬರುತ್ತದೆ. ಡೊಂಬಿವಲಿಯಲ್ಲಿ ನಮ್ಮ ಯಜಮಾನರ ಹೋಟೆಲು ಸ್ಟೇಷನ್ನಿಗೆ ತಾಗಿಕೊಂಡೇ ಇತ್ತು. ಆ ಗಾಡಿಗಳ ಗುಣ ನನಗೆ ಗೊತ್ತು. ಯಜಮಾನರು ಗಲ್ಲಾದಲ್ಲಿ ಕೂತಲ್ಲಿಂದಲೇ ಯಾವ ಗಾಡಿ ಬಂತೆಂದು ಹೇಳುತ್ತಿದ್ದರು. ನಿನ್ನ ಅದೃಷ್ಟಕ್ಕೆ ಟಿಟ್ವಾಳಾದಿಂದಲೇ ಹೊರಡುವ ಗಾಡಿಗಳಿವೆ. ಅವು ಖಾಲಿ ಬಂದು ನಿಲ್ಲುತ್ತವೆ. ಮಧ್ಯಾಹ್ನದ ಹೊತ್ತು ಹೋಗು. ನಿಂತ ಗಾಡಿಗೆ ಹತ್ತು, ಕೂರು, ಇಳಿ. ಹೊರಡುವ ಮೊದಲೇ ಇಳಿ. ಬೇಸರ ಬರುವ ತನಕ ಅಷ್ಟೇ ಮಾಡು. ಮಗ್ಗಿ ಹೇಳಿಸುವಾಗ ನಿನಗೆ ಹೆದರಿಕೆ ಹೋದದ್ದು ಹಾಗೆಯೇ, ಬೇಸರ ಬಂದು.

ಆಮೇಲೆ ಒಂದೇ ಸ್ಟೇಷನ್ ಹೋಗು. ಅಂಗವಿಕಲರಿಗೆಂದೇ ಬಿಟ್ಟ ಅಪಂಗರ ಡಬ್ಬಾದಲ್ಲಿ ಹೋಗು, ನಾಚಿಕೆ ಬೇಡ. ಆ ಬೋರ್ಡು ನಿನ್ನಂಥವರಿಗಾಗಿಯೇ ಬರೆದದ್ದು.

ಟಿಕೆಟ್ ಶ್ರೀಪ್ರಿಯಾ ಮಾಡಿಸುತ್ತಾಳೆ. ಅವಳ ಫೋನ್ ನಂಬರನ್ನು ಕೆಳಗೆ ಬರೆದಿದ್ದೇನೆ.

ವಿಮಲಾ ಟೀಚರ್

*

ಟಿಟ್ವಾಳಾ
5 ನವೆಂಬರ್ 2024

ಟೀಚರ್‌ಗೆ ನಮಸ್ಕಾರ, ದೀಪಾವಳಿಯ ಶುಭಾಶಯ.

ನೀವು ಹೇಳಿದ ಹಾಗೆಯೇ ಮಾಡಿದೆ. ನಿಂತ ಗಾಡಿಯಲ್ಲಿ ಕೂತೆ. ಮೊದಲ ದಿನ ಹತ್ತಿದ ಕೂಡಲೇ ಇಳಿದೆ. ಆಮೇಲೆ ಫ್ಯಾನಿನ ಕೆಳಗೆ ಕೂತು ಪೇರಲ ತಿನ್ನುವಷ್ಟಾಯಿತು. ಬೇಸರ ಬಂತು ಟೀಚರ್, ನಿಜವಾಗಿ!

ಮನೆಯಲ್ಲಿ ಜಗಳವೂ ಆಯಿತು. ಎಲ್ಲಿಗೆ ಹೋಗುತ್ತೇನೆಂದು ಅವ್ವನಿಗೆ ಗೊತ್ತಾಗಿಬಿಟ್ಟಿತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಕಾಲು ತಿಂದ ಗಾಡಿ ಅದು. ಇನ್ನೇನ್ ತಿನ್ನಬೇಕಂತ ಹೊಂಟೀ?" ಎಂದಳು.

"ದಾನವ್ವಾ, ಆಕಿ ಹೋಗ್ಲಿ ಬಿಡು" ಎಂದರು ಅಪ್ಪ. "ಎಷ್ಟ ದಿನ ಅಂತ ಒಳಗ ಕುಂಡ್ರಸ್ತಿ?"

"ನೀ ಸುಮ್ಕಿರು ಹುಲಗಪ್ಪಾ. ದವಾಖಾನ್ಯಾಗ ಅಕಿ ಕೂಡ ಇದ್ದಾಕಿ ನಾ."

ಅವ್ವ ಅಪ್ಪನ ಹೆಸರು ಹಿಡಿದು ಕರೆದಳೆಂದರೆ ಇನ್ನು ಮಾತಿಲ್ಲ ಎಂದು ಅರ್ಥ. ಮರುದಿನ ಚಪ್ಪಲಿ ಹಾಕುವಾಗ ನೋಡಿದರೆ ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ಹೋಗೂದಾದ್ರ ನನ್ನ ಕಣ್ಣ ಮುಂದ ಹೋಗು" ಎಂದಳು.

ಇಬ್ಬರೂ ಆಂಬಿವಲಿಗೆ ಹೋದೆವು. ಬರೀ ಒಂದು ಸ್ಟೇಷನ್. ಗಾಡಿ ಅಲುಗಿದಾಗ ನಾನು ಅವ್ವನ ರಟ್ಟೆ ಹಿಡಿದದ್ದು ನೆನಪಿದೆ. ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಕೂತು ಅತ್ತೆ. ವಾಪಸು ರಿಕ್ಷಾದಲ್ಲಿ ಬಂದೆವು. ಅವ್ವನ ರಟ್ಟೆಯ ಮೇಲೆ ನನ್ನ ಉಗುರಿನ ಗುರುತು ಬಿದ್ದಿತ್ತು, ಅವಳು ಸೆರಗು ಎಳೆದುಕೊಂಡಳು. ಮುಂದಿನ ವಾರ ಶಹಾಡ್. ನಿನ್ನೆ ಕಲ್ಯಾಣ. ಕಲ್ಯಾಣದಿಂದ ಗಾಡಿಯಲ್ಲೇ ವಾಪಸು ಬಂದೆವು.

ನೀವು ಬರುವ ತಾರೀಖು ತಿಳಿಸಿ. ನಿಮಗೆ ಮಲಗಲು ಕಿಟಕಿಯ ಪಕ್ಕದ ಜಾಗ ಮಾಡಿದ್ದೇನೆ.

ಮಲ್ಲಿಕಾ

*

ಸುರತ್ಕಲ್
20 ನವೆಂಬರ್ 2024

ಪ್ರೀತಿಯ ಮಲ್ಲಿಕಾ,

ಬಹಳ ಸಂತೋಷ. ನೀನು ಕಲ್ಯಾಣದವರೆಗೆ ಹೋದೆಯೆಂದು ಓದಿ ದೇವರ ಮುಂದೆ ದೀಪ ಹಚ್ಚಿದೆ.

ಆದರೆ ನನಗೆ ಬರಲಾಗುವುದಿಲ್ಲ. ಡಿಸೆಂಬರಿನಲ್ಲಿ ಶ್ರೀಪ್ರಿಯಾಳ ಬ್ಯಾಂಕಿನಲ್ಲಿ ಆಡಿಟ್. ಮನೆ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಟಿಕೆಟ್ ಮಾಡಿಸಲೂ ಪುರುಸೊತ್ತಾಗಲಿಲ್ಲ ಅವಳಿಗೆ. ಮುಂದೆ ಯಾವಾಗಲಾದರೂ ನೋಡೋಣ. ಬೇಸರ ಮಾಡಿಕೊಳ್ಳಬೇಡ.

ವಿಮಲಾ ಟೀಚರ್

*

ಟಿಟ್ವಾಳಾ
29 ನವೆಂಬರ್ 2024

ಟೀಚರ್,

ಶ್ರೀಪ್ರಿಯಾ ಅಕ್ಕನಿಗೆ ನಾನು ಫೋನ್ ಮಾಡಿದೆ. ಆಡಿಟ್‌ಗೆ ಶುಭವಾಗಲಿ ಅಂದೆ. "ಯಾವ ಆಡಿಟ್?" ಎಂದು ಕೇಳಿದರು. ಟಿಕೆಟನ್ನು ಅಕ್ಟೋಬರಿನಲ್ಲೇ ಮಾಡಿಸಿದ್ದರಂತೆ. ಕ್ಯಾನ್ಸಲ್ ಮಾಡು ಎಂದು ನೀವೇ ಹಟ ಹಿಡಿದಿರಂತೆ. ಒಂದು ವರ್ಷದಿಂದ ನೀವು ಗೇಟು ದಾಟಿ ಒಬ್ಬರೇ ಹೊರಗೆ ಹೋಗಿಲ್ಲವಂತೆ, ಕಿವಿಯ ಮೆಷಿನ್ ಕಪಾಟಿನಲ್ಲಿ ಇದೆಯಂತೆ. ಇಷ್ಟೇ ಹೇಳಿದರು. ಯಾಕೆಂದು ಅವರಿಗೂ ಗೊತ್ತಿಲ್ಲ.

ನಾನು ಪ್ಲಾಟ್‌ಫಾರ್ಮಿನಲ್ಲಿ ಕೂತು ಅತ್ತದ್ದನ್ನು ಕೂಡ ನಿಮಗೆ ಬರೆದೆ. ನೀವು ನನಗೆ ಆಡಿಟ್ ಬರೆದಿರಿ.

ಕೋಪದಲ್ಲಿ ಬರೆದ ಪತ್ರ ಅಂಚೆಗೆ ಹಾಕಬಾರದು, ಗೊತ್ತು. ಇದನ್ನು ಹಾಕುತ್ತಿದ್ದೇನೆ.

ನಾನು ವಡೋದರಾಕ್ಕೆ ಹೋಗುತ್ತೇನೆ. ಡಿಸೆಂಬರ್ 14ಕ್ಕೆ ಹೊರಡುತ್ತೇನೆ. ನಿಮ್ಮ ಜಾಗದಲ್ಲಿ ಅವ್ವ ಬರುತ್ತಾಳೆ.

ಮಲ್ಲಿಕಾ

*

ವಡೋದರಾ
16 ಡಿಸೆಂಬರ್ 2024

ಟೀಚರ್,

ನಿಮ್ಮಿಂದ ಉತ್ತರ ಬರಲಿಲ್ಲ. ಆದರೂ ಬರೆಯುತ್ತೇನೆ, ನೋಡಿದ್ದನ್ನು ನಿಮಗೆ ಹೇಳದೆ ಯಾರಿಗೆ ಹೇಳಲಿ? ಸ್ಟೇಷನ್ ಹತ್ತಿರದ ಧರ್ಮಶಾಲೆಯಲ್ಲಿ ಇದ್ದೇವೆ. ಅವ್ವ ಇನ್ನೂ ಮಲಗಿದ್ದಾಳೆ.

ಗಾಡಿಯಲ್ಲಿ ಏನೂ ಆಗಲಿಲ್ಲ. ಅವ್ವ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಎದುರಿನ ಗುಜರಾತಿ ಹೆಂಗಸು ಥೇಪ್ಲಾ ಎಂಬ ಅವರ ಕಡೆಯ ರೊಟ್ಟಿ ಕೊಟ್ಟರು. ಅವ್ವನಿಗೂ ಅವರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಸೂರತ್ ಬರುವ ಹೊತ್ತಿಗೆ ಮೊಣಕಾಲಿಗೆ ಹಚ್ಚುವ ಎಣ್ಣೆಯವರೆಗೆ ಮಾತು ಹೋಗಿತ್ತು. ನಾನು ಬಾಗಿಲಿಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದೆ.

ಕೇತಕಿ ಬಾಗ್ ನಿಮ್ಮ ಪೇಪರಿನಲ್ಲಿ ಇದ್ದಷ್ಟು ಹಸಿರಾಗಿಲ್ಲ. ಹಳೆಯ ಬಕುಳದ ಮರಗಳಿವೆ, ಕೆಳಗೆಲ್ಲ ಒಣಗಿದ ಹೂವು. ಗೋಡೆಯ ಉದ್ದಕ್ಕೂ ಕೇದಗಿ ಪೊದೆ. ಅವ್ವ ಇಡೀ ಗೋಡೆ ನೋಡಿ ಬಂದು, "ಹೆಸರು ಕೇದಗಿ ಬಾಗಂತ, ಒಂದರೆ ಹೂವಿಲ್ಲ" ಎಂದು ಮಾಲಿಯ ಮೇಲೆ ಸಿಟ್ಟಾದಳು. ಮಳೆಗಾಲದಲ್ಲಿ ಬನ್ನಿ ಎಂದು ಅವನು ನಕ್ಕ.

ಹಂತಗಳನ್ನು ಇಳಿಯುವುದು ಕಷ್ಟವಾಯಿತು. ಕಲ್ಲಿನ ಮೆಟ್ಟಿಲು ಎತ್ತರ, ಹಿಡಿಯಲು ಏನೂ ಇಲ್ಲ. ಅಡ್ಡಡ್ಡ ಇಳಿದೆ. ಒಂದು ಕಡೆ ಕೂತು ಜಾರಿಕೊಂಡೇ ಇಳಿದೆ. ಕಾವಲುಗಾರ ಓಡಿ ಬಂದು ಮೇಲಿನ ದಾರಿಯಲ್ಲಿ ಗಾಲಿಕುರ್ಚಿ ತರಿಸುತ್ತೇನೆ ಎಂದ. ಬೇಡ ಅಂದೆ. ಅವನು ಕೇಳಲಿಲ್ಲ, ತಂದೇ ಬಿಟ್ಟ. ಅಷ್ಟರಲ್ಲಿ ಅವ್ವ, "ತಂದಾನಲ್ಲ ಪಾಪ" ಎಂದು ತಾನೇ ಕೂತಳು! ಬಂಗಲೆಯವರೆಗೆ ನಾನು ತಳ್ಳಿಕೊಂಡು ಹೋದೆ. ಹಿಡಿಕೆ ಹಿಡಿದು ನಡೆಯುವುದು ನನಗೂ ಸುಲಭವಾಯಿತು. ಕಾವಲುಗಾರ ನಮ್ಮಿಬ್ಬರನ್ನೂ ನೋಡುತ್ತಾ ಹಿಂದೆ ಬಂದ.

ಮ್ಯೂಸಿಯಂ ಒಳಗೆ ಮೊದಲು ಬಟ್ಟೆಯ ಕೋಣೆ. ಟೀಚರ್, ನೀವು ಅದನ್ನು ನೋಡಬೇಕಿತ್ತು. ಒಂದು ಹಳೆಯ ಗಂಡಸರ ಅಂಗಿ, ಹೊಲಿಗೆ ಬಿಚ್ಚಿ ಗಾಜಿನ ಕೆಳಗೆ ಹರಡಿದ್ದಾರೆ. ಒಂದೇ ಪನ್ನದ, ಒಂದೇ ಅಗಲದ ಬಟ್ಟೆ. ಕತ್ತರಿಸಿದ್ದರಲ್ಲಿ ಒಂದು ಚೂರೂ ಬಿಸಾಡಿಲ್ಲ. ತೋಳಿನ ಪಕ್ಕ ಉಳಿದ ಮೂಲೆಯೇ ಕಂಕುಳಿನ ಚೌಕ, ಕುತ್ತಿಗೆಗೆ ತೆಗೆದದ್ದೇ ಜೇಬು. ನಾನು ಬೆರಳಿನಿಂದ ಗಾಳಿಯಲ್ಲಿ ಕತ್ತರಿಸುತ್ತಾ ನಿಂತುಬಿಟ್ಟೆ. ಕಾರ್ಖಾನೆಯಲ್ಲಿ ನಾವು ಎಷ್ಟು ಬಟ್ಟೆ ಗುಡಿಸಿ ಹಾಕುತ್ತಿದ್ದೆವು!

ಅಲ್ಲಿಂದ ಉದ್ದದ ಪಡಸಾಲೆ. ಬೀಗ, ಟಿಫಿನ್ ಡಬ್ಬಿ, ಕೈಗಾಡಿಯ ಚಕ್ರ, ಮಡಚುವ ಮಂಚ. ನಾನು ಮುಂದೆ ಹೋಗಿದ್ದೆ. ತಿರುಗಿ ನೋಡಿದರೆ ಅವ್ವ ಕುರ್ಚಿಯಿಂದ ಎದ್ದು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಹತ್ತಿರ ಹೋದೆ.

ಒಳಗೆ ಒಂದು ಪಾದ. ಕಂದು ಬಣ್ಣದ ರಬ್ಬರಿನ ಪಾದ, ಬೆರಳುಗಳ ಸಮೇತ. ನಾನು ಆಗ ಹಾಕಿಕೊಂಡಿದ್ದಂಥದ್ದೇ. ಸ್ವಲ್ಪ ಹಳೆಯದು, ಹಿಮ್ಮಡಿಯ ಹತ್ತಿರ ಬಣ್ಣ ಹೋಗಿತ್ತು. ಬರಿಗಾಲಲ್ಲಿ ನಡೆಯುವವರಿಗೆ, ನೆಲದ ಮೇಲೆ ಕೂರುವವರಿಗೆ, ಗದ್ದೆಗೆ ಇಳಿಯುವವರಿಗೆ ಎಂದು ಯೋಚಿಸಿ ಮಾಡಿದ್ದು ಎಂದು ಹಿಂದಿಯಲ್ಲಿ ಬರೆದಿತ್ತು.

ನಿಮಗೆ ಒಂದು ಮಾತು ಹೇಳಿಲ್ಲ. ಈ ಎರಡು ವರ್ಷದಲ್ಲಿ ಅವ್ವ ನನ್ನ ಆ ಕಾಲನ್ನು ನೋಡಿಯೇ ಇಲ್ಲ. ನಾನು ಪಟ್ಟಿ ಬಿಚ್ಚಲು ಕೂತರೆ ಒಲೆಯ ಕಡೆ ಹೋಗುತ್ತಾಳೆ. ಗೋಡೆಗೆ ಒರಗಿಸಿ ಇಟ್ಟಿದ್ದರೆ ಅದರ ಮೇಲೆ ಟವೆಲ್ ಹಾಕುತ್ತಾಳೆ. ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಇದು ನಿಂದಂಥಾದ್ದ ಏನವ್ವಾ?" ಎಂದು ಕೇಳಿದಳು.

"ಹೌದವ್ವಾ."

ಕಾಲೇಜಿನ ಹುಡುಗಿಯರು ನಾಲ್ಕೈದು ಜನ ಬಂದು ಪೆಟ್ಟಿಗೆಯ ಸುತ್ತ ನಿಂತರು. ಒಬ್ಬಳು ಬಗ್ಗಿ ಬೆರಳುಗಳನ್ನು ನೋಡಿ ತನ್ನ ವಹಿಯಲ್ಲಿ ಚಿತ್ರ ಬರೆಯತೊಡಗಿದಳು. ಅವ್ವ ಅವರನ್ನು ನೋಡಿದಳು, ಪಾದವನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಹಡದಾಕಿ ನಾ ನೋಡಿಲ್ಲ. ಊರ ಮಂದಿ ನಿಂತು ನೋಡ್ಲಿಕತ್ತಾರ" ಎಂದಳು.

ಅವಳ ಕೈ ಹಿಡಿದು ಹೊರಗೆ ಕರೆತಂದೆ.

ಬಂಗಲೆಯ ಹಿಂದೆ ಕಾಲುವೆ ಹಾಯುವ ಜಾಗದಲ್ಲಿ ಎಲ್ಲರೂ ಕಾಲು ಇಳಿಬಿಟ್ಟು ಕೂರುತ್ತಾರೆ. ಮೆಟ್ಟಿಲಿನಲ್ಲಿ ಜಾರಿದ್ದರಿಂದ ನನ್ನ ಕಾಲಿನ ತುದಿ ಉಜ್ಜಿ ಉರಿಯುತ್ತಿತ್ತು. ಕೂತು ಪಟ್ಟಿ ಬಿಚ್ಚಿದೆ. ಅವ್ವ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕೈ ಚಾಚಿ, "ತಾ ಇಲ್ಲೆ" ಎಂದಳು. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳುಗಳ ಸಂದಿಯಲ್ಲಿ ತೋಟದ ಮಣ್ಣು ಮೆತ್ತಿತ್ತು. ಸೆರಗಿನ ತುದಿ ನೀರಿನಲ್ಲಿ ಅದ್ದಿ ಒಂದೊಂದೇ ಬೆರಳು ಒರೆಸಿದಳು, ನಾನು ಸಣ್ಣವಳಿದ್ದಾಗ ಕೋಪರಿಯ ನಳದ ಹತ್ತಿರ ಕೂರಿಸಿ ತೊಳೆಯುತ್ತಿದ್ದ ಹಾಗೆ. ಆಮೇಲೆ ನನ್ನ ಮೊಣಕಾಲಿನ ಕೆಳಗಿನ ಭಾಗವನ್ನು ನೋಡಿದಳು. ಅಂಗೈ ಒದ್ದೆ ಮಾಡಿಕೊಂಡು ಅದರ ಮೇಲೆ ಇಟ್ಟಳು.

"ಉರಿತದ?"

"ಈಗಿಲ್ಲ."

ಹೊರಡುವಾಗ ಪಟ್ಟಿಯನ್ನು ಅವಳೇ ಕಟ್ಟಿದಳು. ತಪ್ಪಾಗಿ ಕಟ್ಟಿದ್ದಳು, ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ಕಾಣದ ಹಾಗೆ ಸರಿ ಮಾಡಿಕೊಂಡೆ.

ನೀವು ಬಂದಿದ್ದರೆ ಅವ್ವ ಬರುತ್ತಿರಲಿಲ್ಲ. ಅದಕ್ಕಾಗಿ ನಿಮ್ಮ ಮೇಲಿನ ಸಿಟ್ಟು ಅರ್ಧ ಇಳಿದಿದೆ. ಇನ್ನರ್ಧ ಹಾಗೆಯೇ ಇದೆ.

ಮಲ್ಲಿಕಾ

*

ಸುರತ್ಕಲ್
4 ಜನವರಿ 2025

ಪ್ರೀತಿಯ ಮಲ್ಲಿಕಾ,

ನಿನ್ನ ಪತ್ರ ಓದಿದೆ. ಇಟ್ಟೆ. ಮತ್ತೆ ತೆಗೆದು ಓದಿದೆ. ದಾನವ್ವನವರಿಗೆ ನನ್ನ ನಮಸ್ಕಾರ ಹೇಳು.

ಆಡಿಟ್ ಇರಲಿಲ್ಲ. ಒಂದು ವರ್ಷದ ಹಿಂದೆ ಒಬ್ಬಳೇ ಉಡುಪಿಗೆ ಹೋಗಬೇಕೆಂದು ಇಲ್ಲಿನ ಸ್ಟೇಷನ್ನಿನಲ್ಲಿ ಕೂತಿದ್ದೆ. ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳಿರಬೇಕು. ಬೆಂಚಿನಲ್ಲಿದ್ದವರೆಲ್ಲ ಎದ್ದು ಹೋದರು, ನಾನು ಪುಸ್ತಕ ಓದುತ್ತಿದ್ದೆ. ತಲೆ ಎತ್ತುವಾಗ ಗಾಡಿ ಆಚೆ ಕಡೆಯಿಂದ ಹೊರಟಿತ್ತು. ಒಬ್ಬ ಹುಡುಗನನ್ನು ವಿಚಾರಿಸಿದೆ. ಏನೋ ಹೇಳಿದ, ತಿಳಿಯಲಿಲ್ಲ. ಮತ್ತೆ ವಿಚಾರಿಸಿದೆ. ಅವನು ಕಿವಿಯ ಹತ್ತಿರ ಬಂದು ಕಿರುಚಿದ. ಸುತ್ತಲಿನವರು ನಕ್ಕರು. ಕೆಟ್ಟ ನಗು ಅಲ್ಲ ಅದು, ಸುಮ್ಮನೆ ನಕ್ಕರು. ಇಡೀ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಿರಿಸುತ್ತಿದ್ದವಳು ನಾನು. ಮನೆಗೆ ಬಂದೆ. ಉಡುಪಿಯಲ್ಲಿ ಸೆಕೆ, ಅರ್ಧಕ್ಕೇ ಬಂದೆ ಎಂದು ಶ್ರೀಪ್ರಿಯಾಗೆ ಸುಳ್ಳು ಹೇಳಿದೆ. ಆಮೇಲೆ ಗೇಟು ದಾಟಲು ಪ್ರತಿ ದಿನ ಒಂದು ನೆಪ ಸಿಕ್ಕಿತು.

ನಿನಗೆ ಪಾಠ ಬರೆಯುವಾಗ ಟಿಕೆಟ್ ಆಗುತ್ತದೆ, ಹೋಗಿಯೇ ಹೋಗುತ್ತೇನೆ ಎಂದೇ ನಂಬಿದ್ದೆ. ನವೆಂಬರಿನಲ್ಲಿ ಪೆಟ್ಟಿಗೆ ಕೆಳಗಿಳಿಸಿದೆ, ಅದೇ ದಿನ ಮತ್ತೆ ಮೇಲಿಟ್ಟು ಟಿಕೆಟ್ ಕ್ಯಾನ್ಸಲ್ ಮಾಡು ಎಂದೆ.

ಕಿವಿಯ ಮೆಷಿನ್ ನಿನ್ನೆ ಹೊರತೆಗೆದೆ. ಹಾಕಿಕೊಂಡರೆ ಮಿಕ್ಸಿಯ ಸದ್ದು ತಲೆಯೊಳಗೇ ತಿರುಗಿದ ಹಾಗಾಗುತ್ತದೆ. ಹಾಕಿಕೊಂಡು ಕೂತಿದ್ದೇನೆ. ನಿನ್ನ ಕೆಲಸ ಶುರುವಾಯಿತೇ?

ವಿಮಲಾ ಟೀಚರ್

*

ಟಿಟ್ವಾಳಾ
21 ಜನವರಿ 2025

ಟೀಚರ್‌ಗೆ ನಮಸ್ಕಾರ,

ಕೆಲಸ ಶುರುವಾಯಿತು.

ಮೊದಲ ದಿನ ಅಪ್ಪ ಜೊತೆಗೆ ಬರುತ್ತೇನೆಂದರು, ಅವ್ವ ಬೇಡ ಎಂದಳು. "ಅಕಿ ದಾರಿ ಅಕಿಗೆ ಗೊತ್ತೈತಿ" ಎಂದು ಡಬ್ಬಿ ಕಟ್ಟಿಕೊಟ್ಟಳು. ಹೀಗೆಂದವಳು ನಮ್ಮ ಅವ್ವನೇ, ಟೀಚರ್!

ಟಿಟ್ವಾಳಾದಿಂದ ಹೊರಡುವ ಗಾಡಿಯಲ್ಲಿ ಅಪಂಗರ ಡಬ್ಬಾ ಹತ್ತಿದೆ, ಸೀಟು ಸಿಕ್ಕಿತು. ಡೊಂಬಿವಲಿಯಲ್ಲಿ ಜನ ನುಗ್ಗಿದರು, ಕೈಕಾಲು ನೆಟ್ಟಗಿದ್ದವರೂ. ಬಾಗಿಲಿನವರೆಗೆ ತುಂಬಿತು. ನಾನು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿ ಊರುಗೋಲು ಹಿಡಿದ ಮುಂಡಪ್ಪ ಎಂಬ ಅಜ್ಜ ಕೂತಿದ್ದರು. ನನ್ನ ಡಬ್ಬಿಯ ವಾಸನೆ ಹಿಡಿದು ಕನ್ನಡದವಳಾ ಎಂದು ಕೇಳಿದರು. "ಮೊದಲನೇ ದಿನವಾ?" ಎಂದರು. ಹೌದೆಂದೆ. "ಹಾಗಾದರೆ ನನ್ನ ಕೋಲು ಹಿಡಿದುಕೋ, ನನಗೆ ಕೂತಾಗ ಅದು ಬೇಡ" ಎಂದು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದರು.

ದಿವಾ ದಾಟಿತು. ನಾನು ಕಣ್ಣು ಮುಚ್ಚಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಜನರ ಸಂದಿನಿಂದ ಹೊರಗೆ ನೋಡುತ್ತಲೇ ಇದ್ದೆ. ಗೋಡೆ, ಒಣಗಲು ಹಾಕಿದ ಬಟ್ಟೆ, ಮೇಕೆ, ಖಾಡಿಯ ಹಿನ್ನೀರು, ಮತ್ತೆ ಗೋಡೆ. ಮುಂಬ್ರಾ ಬಂತು. ನಾನು ಬಿದ್ದ ಜಾಗ ಯಾವುದೆಂದು ಗೊತ್ತಾಗಲೇ ಇಲ್ಲ ಟೀಚರ್. ಇಷ್ಟು ದಿನ ಕನಸಿನಲ್ಲಿ ಅಷ್ಟು ಚೆನ್ನಾಗಿ ಕಾಣುತ್ತಿದ್ದ ಜಾಗ, ಗಾಡಿ ಅದರ ಮೇಲೆಯೇ ಹೋಯಿತು, ನನಗೆ ತಿಳಿಯಲಿಲ್ಲ. ಥಾಣೆಯಲ್ಲಿ ಇಳಿದು ಅಜ್ಜನ ಕೋಲು ವಾಪಸು ಕೊಟ್ಟು ನಡೆದುಕೊಂಡು ಹೋದೆ.

ಅನುಷ್ಕಾ ಮೇಡಂ ಟೇಬಲ್ಲಿನ ಎತ್ತರ ತಗ್ಗಿಸಿದ್ದರು. ಮ್ಯೂಸಿಯಂನಲ್ಲಿ ನೋಡಿದ ಅಂಗಿಯ ಹಾಗೆ ಒಂದು ಕುರ್ತಾ ಕತ್ತರಿಸಿ ತೋರಿಸಿದೆ. ಬಟ್ಟೆ ಉಳಿಯಲಿಲ್ಲ, ಆದರೆ ಕಂಕುಳಿನ ಹತ್ತಿರ ಬಿಗಿಯಾಯಿತು. ಮೇಡಂ ಹಾಕಿಕೊಂಡು ಕೈ ಎತ್ತಲಾಗದೆ ನಕ್ಕರು. ಇನ್ನೊಮ್ಮೆ ಕತ್ತರಿಸುತ್ತೇನೆ.

ನೀವು ಬರೆದದ್ದನ್ನು ಓದಿ ಸಿಟ್ಟಿನ ಇನ್ನರ್ಧವೂ ಹೋಯಿತು. ಕೇದಗಿ ಅರಳುವುದು ಮಳೆಗಾಲದಲ್ಲಂತೆ. ಅವ್ವ ಆಗಲೇ ಮಾಲಿಗೆ ಮಾತು ಕೊಟ್ಟು ಬಂದಿದ್ದಾಳೆ. ಮೂವರೂ ಹೋಗೋಣ ಎನ್ನುತ್ತಾಳೆ. ಈ ಸಲ ನಾವೇ ಸುರತ್ಕಲ್‌ಗೆ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇವೆ.

ಮಲ್ಲಿಕಾ

*

ಸುರತ್ಕಲ್
3 ಫೆಬ್ರವರಿ 2025

ಪ್ರೀತಿಯ ಮಲ್ಲಿಕಾ,

ಮಳೆಗಾಲಕ್ಕೆ ಇನ್ನೂ ಬಹಳ ದಿನ ಇದೆ. ಅಷ್ಟು ಕಾಲ ನನ್ನನ್ನು ನಾನು ನಂಬುವುದಿಲ್ಲ.

ಈ ತಿಂಗಳ 22ಕ್ಕೇ ನಿಮ್ಮ ಮನೆಗೆ ಹೊರಡುತ್ತೇನೆ. ಟಿಕೆಟ್ಟನ್ನು ಸ್ಟೇಷನ್ನಿಗೆ ಹೋಗಿ ನಾನೇ ತೆಗೆದೆ. ಕಿಟಕಿಯಲ್ಲಿದ್ದವನು ಹೇಳಿದ್ದು ಮೊದಲ ಸಲ ತಿಳಿಯಲಿಲ್ಲ, ಎರಡನೆಯ ಸಲವೂ ಇಲ್ಲ. ಬರೆದುಕೊಡಿ ಎಂದು ಕಾಗದ ಒಳಗೆ ತಳ್ಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿರಬೇಕು. ಮೆಷಿನ್ ಇದ್ದರೂ ಅದು ನನಗೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ಶ್ರೀಪ್ರಿಯಾ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾಳೆ. ಬೇಡ ಎಂದಿದ್ದೇನೆ. ನೀವೂ ಯಾರೂ ಥಾಣೆ ಸ್ಟೇಷನ್ನಿಗೆ ಬರಬೇಡಿ. ನಿನ್ನ ಅಪ್ಪನಿಗೆ ವಿಶೇಷವಾಗಿ ಹೇಳು. ಅಲ್ಲಿಂದ ಟಿಟ್ವಾಳಾ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ನಿಮ್ಮ ಬಿಲ್ಡಿಂಗ್ ಗುಡಿಯಿಂದ ಯಾವ ಕಡೆಗೆ, ಎಲ್ಲ ನಾನೇ ಕೇಳಿಕೊಂಡು ಬರುತ್ತೇನೆ.

ವಿಮಲಾ ಟೀಚರ್